ಕೆಟ್ಟ ವಿಜ್ಞಾನ ಸಿನಿಮಾ ನೋಡುತ್ತಾ ನನ್ನ ಕೆಲಸ ಹುಡುಕಿಕೊಂಡೆ

ಒಳ್ಳೆ ಸಿನಿಮಾ ನೋಡುವಾಗ ಥಿಯೇಟರಿನಲ್ಲಿ ಇರುವವರೆಲ್ಲ ಒಂದೇ ಕಡೆ ನೋಡುತ್ತಾರೆ. ನಿರ್ದೇಶಕ ಅಳಿಸಿದ ಕಡೆ ಅಳುತ್ತೇವೆ, ಹೆದರಿಸಿದ ಕಡೆ ಹೆದರುತ್ತೇವೆ. ಕೆಟ್ಟ ಸಿನಿಮಾದಲ್ಲಿ ಹಾಗಾಗುವುದಿಲ್ಲ. ಕಥೆಯ ಹಿಡಿತ ತಪ್ಪಿದ ಮೇಲೆ ಕಣ್ಣು ತನಗೆ ಬೇಕಾದ ಕಡೆ ಹೋಗುತ್ತದೆ. ಒಬ್ಬರ ಕಣ್ಣು ಬಟ್ಟೆ ಮೇಲೆ, ಇನ್ನೊಬ್ಬರದು ಸೆಟ್ಟಿನ ಗೋಡೆ ಮೇಲೆ, ಮತ್ತೊಬ್ಬರ ಯೋಚನೆ ಇದಕ್ಕೆಲ್ಲ ದುಡ್ಡು ಹಾಕಿದವರು ಯಾರು ಅನ್ನೋದರ ಮೇಲೆ.

ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಗಮನಿಸಿದೆ. ಹಾಗೆ ಗಮನಿಸಿದ್ದರಿಂದಲೇ ಅಂತರ್ಜಲದ ಕೆಲಸಕ್ಕೆ ಬಂದೆ. ಪಿಯುಸಿ ಮುಗಿಸಿ ಮುಂದೇನು ಅಂತ ಕೂತಿರುವ ಹುಡುಗ ಹುಡುಗಿಯರು "ನೀವು ಇದನ್ನ ಹೇಗೆ ಆರಿಸಿಕೊಂಡ್ರಿ ಮೇಡಂ" ಅಂತ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಇಂಗ್ಲಿಷ್ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡುವ ರೂಢಿ ಆಗ ಇರಲಿಲ್ಲ. ಅನ್ಯಗ್ರಹದವರು, ರೋಬೋಗಳು, ಭೂಮಿಗೆ ಬಂದು ಬೀಳುವ ಬಂಡೆಗಳು, ಎಲ್ಲರೂ ನಮ್ಮ ಪಾಲಿಗೆ ತೆಲುಗಿನಲ್ಲೇ ಮಾತಾಡುತ್ತಿದ್ದರು.

ಚಿಕ್ಕಪ್ಪ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಹೊಸ ಹೀರೋಗಳ ಸಿನಿಮಾ ಸಂಜೆಯೊಳಗೆ ಖಾಲಿ. ಯಾರೂ ಕೇಳದೆ ಉಳಿಯುತ್ತಿದ್ದವು ಈ ವಿಜ್ಞಾನದ ಸಿನಿಮಾಗಳು. "ತಗೊಂಡು ಹೋಗ್ರಮ್ಮಾ, ಇಲ್ಲಿ ಸುಮ್ನೆ ಧೂಳು ಹಿಡೀತಿವೆ" ಅಂತ ನಮಗೇ ಕೊಡುತ್ತಿದ್ದರು. ಹೀಗೆ ನನಗೆ, ಅಕ್ಕನಿಗೆ, ಚಿಕ್ಕಪ್ಪನ ಮಗನಿಗೆ, ಪಕ್ಕದ ಮನೆಯ ಗೆಳತಿಗೆ ಭಾನುವಾರ ಮಧ್ಯಾಹ್ನಗಳೆಲ್ಲ ಇದೇ ಆಯಿತು.

ನನಗೆ ಈ ಸಿನಿಮಾಗಳು ನಿಜವಾಗಿಯೂ ಇಷ್ಟ. ಈಗಲೂ ಇಷ್ಟ. ಹೀಯಾಳಿಸಿ ನಗುವುದಕ್ಕೆ ಅಂತ ನಾನು ಯಾವತ್ತೂ ನೋಡಿದವಳಲ್ಲ. ಕಡಿಮೆ ದುಡ್ಡು, ಕಡಿಮೆ ಸಮಯ, ಆದರೂ ಇಡೀ ಬ್ರಹ್ಮಾಂಡವನ್ನೇ ತೋರಿಸ್ತೀವಿ ಅಂತ ಹೊರಡುತ್ತಾರಲ್ಲ, ಆ ಹುಮ್ಮಸ್ಸು ನನಗೆ ದೊಡ್ಡದಾಗಿ ಕಾಣುತ್ತದೆ. 1953ರ 'ರೋಬೋಟ್ ಮಾನ್‌ಸ್ಟರ್' ಅನ್ನೋ ಅಮೆರಿಕದ ಚಿತ್ರವನ್ನೇ ನೋಡಿ. ರೋಬೋ ವೇಷ ಮಾಡಿಸಲು ಅವರ ಹತ್ತಿರ ದುಡ್ಡಿರಲಿಲ್ಲ. ಗೊರಿಲ್ಲಾ ವೇಷ ಹಾಕುವ ನಟನೊಬ್ಬನ ಹತ್ತಿರ ವೇಷ ಮೊದಲೇ ಇತ್ತು. ಅದರ ತಲೆ ತೆಗೆದು, ಮುಳುಗುಗಾರರ ಹೆಲ್ಮೆಟ್ಟಿನಂಥದ್ದನ್ನು ಕೂರಿಸಿ, ಮೇಲೆ ಆಂಟೆನಾ ಸಿಕ್ಕಿಸಿ, ಇವನೇ ಚಂದ್ರನಿಂದ ಬಂದ ಶತ್ರು ಅಂದರು. ಅವನ ಗುಹೆಯಲ್ಲಿ ಸೋಪಿನ ಗುಳ್ಳೆ ಬಿಡುವ ಒಂದು ಯಂತ್ರ ಇದೆ. ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ಆ ಗುಳ್ಳೆ ಯಂತ್ರಕ್ಕೂ ಜಾಗ ಕೊಟ್ಟಿದ್ದಾರೆ! ಕೈಯಲ್ಲಿ ಏನಿದೆಯೋ ಅದರಲ್ಲೇ ಮಾಡಿ ಮುಗಿಸಿದ ಜನ ಅವರು. ಬೇಕಂತಲೇ ಕೆಟ್ಟದಾಗಿ ತೆಗೆದು "ನೋಡಿ, ನಾವು ಎಷ್ಟು ಕೆಟ್ಟದಾಗಿ ತೆಗೆದಿದ್ದೀವಿ" ಅಂತ ಬೀಗುವ ಸಿನಿಮಾಗಳೂ ಈಗ ಜಾಸ್ತಿ ಆಗಿವೆ. ಅವು ಈ ಕೆಲಸಕ್ಕೆ ಬರುವುದಿಲ್ಲ. ಮನಸ್ಸಿಟ್ಟು ಮಾಡಿದ್ದರಲ್ಲಿ ಉಳಿದ ತಪ್ಪು ಮಾತ್ರ ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ನನ್ನ ಮಟ್ಟಿಗೆ ಎಲ್ಲ ಶುರುವಾಗಿದ್ದು 1998ರ 'ಆರ್ಮಗೆಡ್ಡನ್' ಚಿತ್ರದಿಂದ. ದೊಡ್ಡ ದುಡ್ಡಿನ ಸಿನಿಮಾ, ಜನ ಮುಗಿಬಿದ್ದು ನೋಡಿದ ಸಿನಿಮಾ. ವಿಜ್ಞಾನದ ಲೆಕ್ಕದಲ್ಲಿ ಮಾತ್ರ ಬಹಳ ಕೆಟ್ಟದ್ದು. ಅಮೆರಿಕದ ಟೆಕ್ಸಸ್ ರಾಜ್ಯದಷ್ಟು ದೊಡ್ಡ ಬಂಡೆ ಭೂಮಿಗೆ ಬಂದು ಬೀಳಲಿದೆ. ಎಣ್ಣೆ ಬಾವಿ ಕೊರೆಯುವವರನ್ನು ಬಾಹ್ಯಾಕಾಶಕ್ಕೆ ಕಳಿಸಿ, ಬಂಡೆಯಲ್ಲಿ 800 ಅಡಿ ಕೊರೆಸಿ, ಅಣುಬಾಂಬ್ ಇಟ್ಟು ಎರಡು ಹೋಳು ಮಾಡಬೇಕು. ಇದು ಕಥೆ.

800 ಅಡಿ! ಅದನ್ನು ಕೇಳಿದ್ದೇ ನಾನು ಎದ್ದು ಕೂತೆ. ಸಿನಿಮಾದಲ್ಲಿ ಪ್ರಪಂಚವೇ ಉಸಿರು ಬಿಗಿ ಹಿಡಿದು ಕಾಯುವ ಆ ಆಳ ನಮ್ಮ ಜಿಲ್ಲೆಯಲ್ಲಿ ಒಂದು ಸಾಧಾರಣ ಬೋರ್‌ವೆಲ್. ರಾತ್ರಿ ರಿಗ್, ಅಂದರೆ ಬೋರ್ ಕೊರೆಯುವ ಯಂತ್ರದ ಲಾರಿ, ಬಂದು ನಿಂತರೆ ಬೆಳಗಾಗುವ ಹೊತ್ತಿಗೆ ಅಷ್ಟು ಇಳಿಸಿರುತ್ತಾರೆ. ನೀರು ಸಿಗದಿದ್ದರೆ ಇನ್ನೂ ಹಾಕು ಅಂತ 1,200, 1,500 ಅಡಿವರೆಗೂ ಹೋಗುತ್ತಾರೆ. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿಗಳು ನಮ್ಮೂರ ರಸ್ತೆಯಲ್ಲಿ ಸಾಲಾಗಿ ಹೋಗುವುದನ್ನು ನೋಡಿಕೊಂಡೇ ಬೆಳೆದವಳು ನಾನು.

ಉಳಿದವರೆಲ್ಲ ಹೀರೋ ಸಾಯ್ತಾನಾ ಬದುಕ್ತಾನಾ ಅಂತ ನೋಡುತ್ತಿದ್ದರು. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಮ್ಮ ಕಡೆಯ ರಿಗ್ಗಿಗೆ ಗಾಳಿ ಬೇಕು. ಕಂಪ್ರೆಸರ್ ಗಾಳಿಯನ್ನು ರಾಡಿನೊಳಗೆ ತಳ್ಳುತ್ತದೆ, ಆ ಒತ್ತಡಕ್ಕೆ ತಳದಲ್ಲಿರುವ ಹ್ಯಾಮರ್ ಬಡಿಯುತ್ತದೆ, ಅದೇ ಗಾಳಿ ಪುಡಿಯನ್ನು ಹೊತ್ತುಕೊಂಡು ಮೇಲೆ ಬರುತ್ತದೆ. ಗಾಳಿಯೇ ಇಲ್ಲದ ಬಂಡೆ ಮೇಲೆ ಪುಡಿಯನ್ನು ಹೊರಗೆ ತರೋದು ಹೇಗೆ? ಭಾರದ ವಿಷಯವೂ ಇದೆ. ಬಿಟ್, ಅಂದರೆ ಕೊರೆಯುವ ಮೊನೆ, ಕಲ್ಲನ್ನು ಒತ್ತಬೇಕಾದರೆ ಮೇಲಿಂದ ತೂಕ ಬೇಕು. ಸೀರಿಸ್ ಅನ್ನೋ ಕಿರುಗ್ರಹ ಸುಮಾರು 940 ಕಿ.ಮೀ. ಅಗಲ ಇದೆ, ಹೆಚ್ಚು ಕಡಿಮೆ ಸಿನಿಮಾದ ಬಂಡೆಯಷ್ಟೇ. ಅಲ್ಲಿಯ ಗುರುತ್ವ ಭೂಮಿಯ ಶೇ. 3ರಷ್ಟು ಮಾತ್ರ. ಇಲ್ಲಿ 20 ಟನ್ ತೂಗುವ ಲಾರಿ ಅಲ್ಲಿ 600 ಕೆ.ಜಿ. ಭಾರದಲ್ಲಿ ನಿಂತಿರುತ್ತದೆ. ಹ್ಯಾಮರ್ ಬಡಿಯಲು ಶುರು ಮಾಡಿದರೆ ಲಾರಿಯೇ ಕುಣಿಯುತ್ತದೆ. 2014ರಲ್ಲಿ ಯುರೋಪಿನವರು ಫಿಲೇ ಅನ್ನೋ ಪುಟ್ಟ ನೌಕೆಯನ್ನು ಧೂಮಕೇತುವಿನ ಮೇಲೆ ಇಳಿಸಿದಾಗ, ಅದನ್ನು ನೆಲಕ್ಕೆ ಕಚ್ಚಿ ಹಿಡಿಯಬೇಕಿದ್ದ ಈಟಿಗಳು ಸಿಡಿಯಲಿಲ್ಲ. ನೌಕೆ ಪುಟಿದು ಪುಟಿದು ಎಲ್ಲೋ ಹೋಗಿ ನಿಂತಿತು. ಆ ಸುದ್ದಿ ಓದಿದಾಗ ಹುಡುಗಿಯಾಗಿದ್ದಾಗ ನನಗೆ ಬಂದ ಪ್ರಶ್ನೆ ಸರಿಯಾಗಿಯೇ ಇತ್ತು ಅಂತ ಬಹಳ ಖುಷಿಯಾಯಿತು.

ಇನ್ನೊಂದು ಲೆಕ್ಕ. 800 ಅಡಿ ಅಂದರೆ ಸುಮಾರು 244 ಮೀಟರ್. ಸಾವಿರ ಕಿಲೋಮೀಟರ್ ಅಗಲದ ಬಂಡೆಯಲ್ಲಿ ಅದು ನಾಲ್ಕು ಸಾವಿರದಲ್ಲಿ ಒಂದು ಪಾಲು. ಮೇಲಿನ ಚರ್ಮ ಗೀಚಿದ ಹಾಗೆ, ಅಷ್ಟೇ. ಸಿನಿಮಾ ಮುಗಿದ ಮೇಲೆ ನಾನು ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ. ಪರೀಕ್ಷೆಗೆ ಅಂತ ನಾನು ಯಾವತ್ತೂ ಅಷ್ಟು ಮನಸ್ಸಿಟ್ಟು ಲೆಕ್ಕ ಮಾಡಿರಲಿಲ್ಲ.

ಆಮೇಲೆ ಸಿಕ್ಕಿದ್ದು 2003ರ 'ದಿ ಕೋರ್'. ಭೂಮಿಯ ನಡುಗರ್ಭ ತಿರುಗುವುದು ನಿಂತುಹೋಗಿದೆ, ಅದನ್ನು ಮತ್ತೆ ತಿರುಗಿಸಲು ಒಂದು ಹಡಗಿನಂಥ ಯಂತ್ರದಲ್ಲಿ ಜನ ಕೆಳಗೆ ಹೋಗುತ್ತಾರೆ. ದಾರಿಯಲ್ಲಿ ಬೆಟ್ಟದಷ್ಟು ದೊಡ್ಡ ಟೊಳ್ಳು ಸಿಗುತ್ತದೆ. ಸುತ್ತಲೂ ನೇರಳೆ ಬಣ್ಣದ ಹರಳು. ಯಂತ್ರದಿಂದ ಇಳಿದು ಓಡಾಡುತ್ತಾರೆ! ಆ ದೃಶ್ಯ ಕಣ್ಣಿಗೆ ಎಷ್ಟು ಚೆನ್ನಾಗಿದೆ ಅಂದರೆ ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಅಷ್ಟು ಆಳದಲ್ಲಿ ಅಂಥ ಟೊಳ್ಳು ಇರಲು ಸಾಧ್ಯವೇ ಇಲ್ಲ. ಕಲ್ಲಿನ ಭಾರ ಒಂದು ಕಿಲೋಮೀಟರ್ ಕೆಳಗೇ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 270 ಕೆ.ಜಿ. ಆಗುತ್ತದೆ. ನೂರಾರು ಕಿಲೋಮೀಟರ್ ಕೆಳಗೆ ಯಾವ ಟೊಳ್ಳೂ ತೆರೆದುಕೊಂಡು ನಿಲ್ಲುವುದಿಲ್ಲ.

ಆಗ ನನಗೆ ಈ ಸಂಖ್ಯೆಗಳೆಲ್ಲ ಗೊತ್ತಿರಲಿಲ್ಲ. ಗೊತ್ತಿದ್ದವರು ಮಾತ್ರ ಹತ್ತಿರದಲ್ಲೇ ಇದ್ದರು. ನಮ್ಮ ಗೆಳತಿಯ ತಾತ ಕೆಜಿಎಫ್ ಗಣಿಯಲ್ಲಿ ದುಡಿದವರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಷ್ಟು ಹೊತ್ತಿಗೆ ಅದು ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಸಿನಿಮಾದ ಆ ದೃಶ್ಯವನ್ನು ತಾತನಿಗೆ ತೋರಿಸಿದೆವು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇಷ್ಟು ದೊಡ್ಡ ಗೂಡು ಬಿಟ್ರೆ ಏರ್ ಬ್ಲಾಸ್ಟ್ ಆಗ್ತದಮ್ಮಾ" ಅಂದರು. ಆಳದಲ್ಲಿ ಕಲ್ಲು ಮೇಲಿನ ಭಾರ ತಡೆಯಲಾಗದೆ ಒಮ್ಮೆಲೇ ಸಿಡಿಯುವುದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಅನ್ನುತ್ತಾರೆ. ಚಿನ್ನ ತೆಗೆದ ಜಾಗವನ್ನು ಹಾಗೇ ಬಿಡೋ ಹಾಗಿಲ್ಲ, ಕಲ್ಲು ಕಟ್ಟಿ ತುಂಬಬೇಕು, ಇಲ್ಲದಿದ್ದರೆ ಗುಡ್ಡ ತಾನೇ ಮುಚ್ಚಿಕೊಳ್ಳುತ್ತದೆ ಅಂದರು. ಕೆಳಗೆ ಬಂಡೆ ಹೇಗೆ ಬಿಸಿ ಇರುತ್ತಿತ್ತು, ಮೇಲಿಂದ ತಣ್ಣನೆ ಗಾಳಿ ಹೇಗೆ ಕಳಿಸುತ್ತಿದ್ದರು, ಎಲ್ಲ ಹೇಳಿದರು. ಆವತ್ತು ಸಿನಿಮಾ ಪೂರ್ತಿ ಆಗಲೇ ಇಲ್ಲ.

ಎರಡು ಸಿನಿಮಾದಲ್ಲೂ ನನ್ನ ಕಣ್ಣು ಒಂದೇ ಕಡೆ ಹೋಗಿತ್ತು. ಕಲ್ಲಿನ ಒಳಗೆ ಏನಿದೆ? ಅಲ್ಲಿ ಸಂದು ಹೇಗೆ ಉಳಿಯುತ್ತದೆ? ಅದೇ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬೇರೆ ರೂಪ ಇತ್ತು. ಅಪ್ಪ ಹಾಕಿಸಿದ ಬೋರ್‌ಗಳು ಒಂದಾದ ಮೇಲೊಂದು ಫೇಲ್ ಆಗಿದ್ದವು. ನಮ್ಮ ಕಡೆ ನೆಲದಡಿ ಇರುವುದು ಗಟ್ಟಿ ಕಲ್ಲು. ಮರಳಿನಲ್ಲಿ ಇರುವ ಹಾಗೆ ನೀರು ಎಲ್ಲ ಕಡೆ ಇರುವುದಿಲ್ಲ, ಬಿರುಕುಗಳಲ್ಲಿ ಮಾತ್ರ ಇರುತ್ತದೆ. ರಿಗ್ಗಿನವರು ಅದನ್ನು ಗ್ಯಾಪ್ ಅನ್ನುತ್ತಾರೆ. ಆಳಕ್ಕೆ ಹೋದ ಹಾಗೆಲ್ಲ ಭಾರ ಜಾಸ್ತಿಯಾಗಿ ಗ್ಯಾಪ್ ಕಡಿಮೆ ಆಗುತ್ತವೆ, ಇದ್ದರೂ ಬಿಗಿಯಾಗಿರುತ್ತವೆ. ಸಿನಿಮಾದ ಆ ನೇರಳೆ ಟೊಳ್ಳು ಸುಳ್ಳಾಗಲು ಏನು ಕಾರಣವೋ, 1,500 ಅಡಿಯಲ್ಲಿ ಸುಮಾರು ಬೋರ್‌ಗಳು ಒಣಗಿರಲೂ ಅದೇ ಒಂದು ಕಾರಣ. ಇದು ಹೊಳೆದ ದಿನವೇ ನಾನು ಏನು ಓದಬೇಕು ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆಗಿಹೋಯಿತು.

ಅದನ್ನು ಪರೀಕ್ಷೆ ಮಾಡಿ ನೋಡಿಯೇ ಮುಂದೆ ಹೋದೆ. ಸಿನಿಮಾ ನೋಡಿದಾಗಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸಿನಿಮಾ ಹೇಗಿದೆ ಅಂತ ಅಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನಿಸಿತು, ನಿಲ್ಲಿಸಿ ಏನು ಹುಡುಕಿದೆ, ಮಾರನೇ ದಿನಕ್ಕೂ ಯಾವುದು ತಲೆಯಲ್ಲಿ ಉಳಿಯಿತು, ಇಷ್ಟೇ. ಈ ಕೊನೆಯದು ಮುಖ್ಯ. ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಕೇಳಿಸಬಾರದು ಅಂತ ನಾನೂ ಬರೆದಿದ್ದೆ. ಮಾರನೇ ದಿನ ಅದು ನೆನಪೇ ಇರಲಿಲ್ಲ. ಕಲ್ಲಿನ ಪ್ರಶ್ನೆ ಮಾತ್ರ ತಿಂಗಳಾದರೂ ಬಿಡಲಿಲ್ಲ. ಯಾವ ತಪ್ಪನ್ನು ಮರೆಯಲು ಆಗುವುದಿಲ್ಲವೋ ಆ ಕಡೆ ಒಂದು ಸಲ ಹೋಗಿ ನೋಡಬೇಕು.

ಹೋಗಿಯೂ ನೋಡಿದೆ. ಪಕ್ಕದ ಊರಿಗೆ ನೀರಿನ ಪಾಯಿಂಟ್ ಮಾಡಲು, ಅಂದರೆ ಬೋರ್ ಎಲ್ಲಿ ಹಾಕಬೇಕು ಅಂತ ಗುರುತಿಸಲು, ಬರುತ್ತಿದ್ದ ಭೂವಿಜ್ಞಾನಿ ಒಬ್ಬರನ್ನು ಹಿಡಿದು, "ಸಾರ್, ಒಂದು ದಿನ ನಿಮ್ಮ ಜೊತೆ ಬರ್ತೀನಿ" ಅಂದೆ. "ಬಿಸಿಲಿದೆ, ಟೋಪಿ ಹಾಕ್ಕೊಂಡು ಬಾಮ್ಮ" ಅಂದರು. ಹೊಲದಲ್ಲಿ ಒಂದೇ ಗೆರೆಗೆ ನಾಲ್ಕು ಕಬ್ಬಿಣದ ಗೂಟ ಹೊಡೆದರು. ಹೊರಗಿನ ಎರಡು ಗೂಟದಿಂದ ನೆಲಕ್ಕೆ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆದರು. ಗೂಟ ದೂರ ದೂರ ಹೋದಷ್ಟೂ ಇನ್ನೂ ಆಳದ ವಿಷಯ ಗೊತ್ತಾಗುತ್ತದೆ. ಗಟ್ಟಿ ಕಲ್ಲು ಕರೆಂಟಿಗೆ ಜಾಸ್ತಿ ಅಡ್ಡಿ ಮಾಡುತ್ತದೆ, ನೀರಿರುವ ಬಿರುಕು ಕಲ್ಲು ಕಡಿಮೆ ಮಾಡುತ್ತದೆ. ಸಾಯಂಕಾಲದವರೆಗೆ ನಾನು ವೈರ್ ಎಳೆದೆ, ಗೂಟ ಹೊಡೆದೆ, ಮೀಟರಿನ ಅಂಕಿ ಬರೆದುಕೊಂಡೆ. ಕೈಯಲ್ಲಿ ಗುಳ್ಳೆ ಬಂತು. ಮತ್ತೆ ಯಾವಾಗ ಬರಲಿ ಅಂತ ಕೇಳಿಯೇ ಮನೆಗೆ ಬಂದೆ.

ಮನೆಯಲ್ಲಿ ಒಪ್ಪಿಸುವುದು ಸುಲಭ ಇರಲಿಲ್ಲ. ಕ್ಲಾಸಿನವರೆಲ್ಲ ಸಿಇಟಿ ಬರೆದು ಇಂಜಿನಿಯರಿಂಗ್ ಕಡೆ ಹೊರಟಿದ್ದರು.

"ಕಲ್ಲು ಓದಿ ಏನಮ್ಮಾ ಮಾಡ್ತೀಯ?" ಅಂದರು ಅಪ್ಪ.

"ಅಪ್ಪಾ, ನಮ್ಮ ಬೋರ್ ಫೇಲ್ ಆದಾಗ ಯಾಕೆ ಅಂತ ಯಾರನ್ನಾದ್ರೂ ಕೇಳಿದ್ಯಾ?"

"ಯಾರನ್ನ ಕೇಳೋದು? ಹಣೆಬರಹ ಅಂತ ಸುಮ್ಮನಾದೆ."

"ಹೇಳೋಕೆ ಒಬ್ಬರು ಬೇಕಲ್ವಾ? ಅದನ್ನೇ ಓದ್ತೀನಿ."

ಅಪ್ಪ ಆವತ್ತು ಹೂಂ ಅನ್ನಲಿಲ್ಲ. ಅಮ್ಮ ಮಾತ್ರ "ಓದಲಿ ಬಿಡಿ, ನೀರಿನ ಕೆಲಸ ತಾನೇ" ಅಂದರು. ಭೂವಿಜ್ಞಾನ ಇರುವ ಬಿಎಸ್ಸಿ, ಆಮೇಲೆ ಎಂಎಸ್ಸಿ ಮಾಡಿದೆ. ಓದಿನ ವಿಷಯ ಜಾಸ್ತಿ ಹೇಳಲು ಏನಿಲ್ಲ, ಇಷ್ಟಪಟ್ಟು ಓದಿದೆ. ರಷ್ಯಾದ ಕೋಲಾ ಕೊರೆಬಾವಿಯ ಪಾಠ ಮಾತ್ರ ಮರೆಯುವುದಿಲ್ಲ. 1970ರಲ್ಲಿ ಶುರು ಮಾಡಿ 1989ರ ಹೊತ್ತಿಗೆ 12,262 ಮೀಟರ್ ತಲುಪಿದರು. ಅಲ್ಲಿ ಶಾಖ 180 ಡಿಗ್ರಿ ಇತ್ತು, ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ಯಾರೂ ನಿರೀಕ್ಷೆ ಮಾಡದ ಆಳದಲ್ಲಿ ಬಿರುಕುಬಿಟ್ಟ, ನೀರಿನಿಂದ ತುಂಬಿದ ಕಲ್ಲು ಸಿಕ್ಕಿತು. ಭೂಮಿಯ ನಡುವಿಗೆ 6,371 ಕಿಲೋಮೀಟರ್. ಮನುಷ್ಯ ಕೊರೆದದ್ದು 12 ಚಿಲ್ಲರೆ. ಸಿನಿಮಾದವರು ಅದನ್ನು ಎರಡು ಗಂಟೆಯಲ್ಲಿ ಮುಗಿಸಿ ವಾಪಸ್ ಬರುತ್ತಾರೆ, ಅದಕ್ಕೇ ಅವರನ್ನು ಕಂಡರೆ ನನಗೆ ಪ್ರೀತಿ.

ಈಗ ನನ್ನ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಪಾಯಿಂಟ್ ಮಾಡಿ ಕೊಟ್ಟು ಮನೆಗೆ ಬರುವವಳಲ್ಲ ನಾನು, ಆದಷ್ಟು ರಿಗ್ ಹತ್ತಿರವೇ ಇರುತ್ತೇನೆ. ತೆಂಗಿನಕಾಯಿ ಒಡೆದು ಪೂಜೆ ಆಗುತ್ತದೆ. ಮೇಲಿನ ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಗಟ್ಟಿ ಕಲ್ಲು ಸಿಕ್ಕ ಮೇಲೆ ಹ್ಯಾಮರ್ ಶುರು. ಒಂದೊಂದು ರಾಡ್ ಇಳಿದಾಗಲೂ ಬರುವ ಪುಡಿಯನ್ನು ಹಿಡಿದು ನೆಲದ ಮೇಲೆ ಸಾಲಾಗಿ ಗುಡ್ಡೆ ಹಾಕಿಸುತ್ತೇನೆ. ಬೂದು ಬಣ್ಣ, ಬೂದು, ಬೂದು. ಆಮೇಲೆ ಒಂದು ಗುಡ್ಡೆ ಸ್ವಲ್ಪ ಕೆಂಪಗೆ ತಿರುಗುತ್ತದೆ. ಅಂಗೈಯಲ್ಲಿ ಹಾಕಿಕೊಂಡು ಲೆನ್ಸಿನಲ್ಲಿ ನೋಡಿದರೆ ಕಾಳುಗಳ ಅಂಚಿಗೆ ತುಕ್ಕಿನ ಬಣ್ಣ ಹಿಡಿದಿರುತ್ತದೆ. ನೀರು ಅಲ್ಲಿ ಎಂದೋ ಓಡಾಡಿದ ಗುರುತು ಅದು. "ಅಣ್ಣಾ, ಸ್ವಲ್ಪ ನಿಧಾನ" ಅಂತ ಕೂಗುತ್ತೇನೆ. ರಾಡ್ ಒಮ್ಮೆ ಝಗ್ ಅಂತ ಇಳಿಯುತ್ತದೆ, ಧೂಳು ನಿಂತು ಕೆಸರು ಹಾರುತ್ತದೆ. ರೈತರು ಕೇಳುವುದು ಒಂದೇ, "ಎಷ್ಟು ಇಂಚು ಮೇಡಂ?" ವಿ ಆಕಾರದ ಕಚ್ಚು ಇರುವ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಅನ್ನೋದೇ ಆ ಇಂಚಿನ ಲೆಕ್ಕ. ಒಂದೂವರೆ ಇಂಚು ಅಂದರೆ ಮನೆಯವರ ಮುಖ ನೋಡಬೇಕು.

ಬೇಡ ಅನ್ನುವುದೂ ಈ ಕೆಲಸವೇ. ನೀರಿಲ್ಲ ಅಂತ ಮೀಟರ್ ತೋರಿಸಿದರೆ ಇಲ್ಲ ಅಂತಲೇ ಹೇಳುತ್ತೇನೆ, ಕೆಳಗೆ ಹೋದರೆ ಗ್ಯಾಪ್ ಕಡಿಮೆ ಆಗುತ್ತದೆ ಅಂತ ವಿವರಿಸುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ನೀರು ನೋಡುವ ಬೇರೆಯವರನ್ನು ಕರೆಸುತ್ತಾರೆ. ಮೇಲಿಂದ ನೀರು ಇಂಗದೆ ಕೆಳಗೆ ತೆಗೆಯುತ್ತಾ ಇದ್ದರೆ ಯಾವ ವಿಜ್ಞಾನವೂ ಏನೂ ಮಾಡಲಾಗದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೆರೆ ಸುತ್ತಲಿನ ಬಾವಿ, ಬೋರ್‌ಗಳ ಮಟ್ಟ ಅಳೆಯುವುದು, ನೀರಿನ ಗುಣ ಪರೀಕ್ಷೆಗೆ ಕಳಿಸುವುದು ಈಗ ನನ್ನ ಕೆಲಸದಲ್ಲಿ ದೊಡ್ಡ ಪಾಲು. ಇನ್ನೂ ಹೆಚ್ಚು ಜನ ಇದನ್ನು ಮಾಡಬೇಕು ಅಂತ ನನ್ನ ಆಸೆ.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಖಾಸಗಿಯಾಗಿ ಪಾಯಿಂಟ್ ಮಾಡುವವರಿಗೆ ಬೇಸಿಗೆಯಲ್ಲಿ ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸ ಕಡಿಮೆ. ಸರ್ಕಾರಿ ಕೆಲಸ ಬೇಕಾದರೆ ಯುಪಿಎಸ್‌ಸಿ ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ, ಅದರಲ್ಲಿ ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳೂ ಬರುತ್ತವೆ. ಅದಕ್ಕೆ ಎಂಎಸ್ಸಿ ಬೇಕು.

ಕೆಟ್ಟ ಸಿನಿಮಾ ನೋಡಿದರೆ ಎಲ್ಲರಿಗೂ ದಾರಿ ಸಿಗುತ್ತದಾ? ಹಾಗೇನಿಲ್ಲ. ಅಕ್ಕ ಯಾವಾಗಲೂ ಬಾಯಿಗೂ ಮಾತಿಗೂ ಹೊಂದುತ್ತಿಲ್ಲ ಅಂತ ತುಟಿಯನ್ನೇ ನೋಡುತ್ತಿದ್ದಳು. ಈಗ ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಟೀಚರ್. ಗೆಳತಿ ಬಟ್ಟೆ ನೋಡುತ್ತಿದ್ದಳು, ಈಗ ಬ್ಯಾಂಕಿನಲ್ಲಿದ್ದಾಳೆ, ಬಟ್ಟೆ ಹೊಲಿಯುವುದು ಅವಳ ಸಂಜೆಯ ಖುಷಿ. ಚಿಕ್ಕಪ್ಪನ ಮಗ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಎದ್ದು ಅಡುಗೆ ಮನೆಗೆ ಹೋಗಿ ಎಲ್ಲರಿಗೂ ಮಂಡಕ್ಕಿ ಕಲಸಿ ತರುತ್ತಿದ್ದ. ಶ್ರೀನಿವಾಸಪುರದಲ್ಲಿ ಅವನ ಹೋಟೆಲು ಚೆನ್ನಾಗಿ ನಡೆಯುತ್ತಿದೆ. ಸಿನಿಮಾ ಬಿಟ್ಟು ಎಲ್ಲಿಗೆ ಎದ್ದು ಹೋಗುತ್ತೀರಿ ಅನ್ನೋದನ್ನೂ ನೋಡಿಕೊಳ್ಳಬೇಕು ಅಂತ ನಾನು ಮಕ್ಕಳಿಗೆ ಹೇಳುವುದು ಅವನನ್ನು ನೋಡಿಯೇ.

ಅಕ್ಕನ ಮಗಳು ಈ ವರ್ಷ ಹತ್ತನೇ ತರಗತಿ. ಅವಳಿಗೆ 'ರೋಬೋಟ್ ಮಾನ್‌ಸ್ಟರ್' ಹಾಕಿ ತೋರಿಸಿದೆ. ಗೊರಿಲ್ಲಾ ಕಡೆ ನೋಡಲೇ ಇಲ್ಲ. "ಚಿಕ್ಕಮ್ಮಾ, ಆ ಗುಳ್ಳೆ ಎಲ್ಲ ಒಂದೇ ಸೈಜ್ ಹೇಗೆ ಬರುತ್ತೆ?" ಅಂದಳು. ಹಳೆ ಟೇಬಲ್ ಫ್ಯಾನಿನ ಮೋಟರಿಗೆ ತಂತಿಯ ಬಳೆಗಳನ್ನು ಕಟ್ಟಿ, ಸೋಪಿನ ನೀರಿನ ತಟ್ಟೆ ಇಟ್ಟು, ಈಗ ಅದರ ವೇಗ ಕಡಿಮೆ ಮಾಡುವುದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದಾಳೆ. ಬರುವ ಭಾನುವಾರ ಅವಳನ್ನು ನಮ್ಮ ಪಂಪ್ ಮೋಟರ್ ರಿಪೇರಿ ಮಾಡುವವರ ವರ್ಕ್‌ಶಾಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸಂಜೆವರೆಗೂ ಇರಲಿ ಅಂತ ಅವರಿಗೆ ಹೇಳಿಟ್ಟಿದ್ದೇನೆ.